ಶುಕ್ರವಾರ ಹೊರಟ ಲಕ್ಷ್ಮಿ

ಅಮೆರಿಕದ ಪಶ್ಚಿಮ ಕರಾವಳಿಯ ನೆವಾರ್ಕಿನಲ್ಲಿದ್ದ ನಮ್ಮ ಆ ಮನೆ ಈಗಿಲ್ಲ. ನಮ್ಮಿಂದ ಕೊಂಡವರು ಅದನ್ನು ಕೆಡವಿ, ಈ ಬೇಲಿಯಿಂದ ಆ ಬೇಲಿಯವರೆಗೆ ಎರಡಂತಸ್ತಿನ ಬಂಗಲೆ ಎಬ್ಬಿಸಿದ್ದಾರೆ. ಮೊನ್ನೆ ಆ ಕಡೆ ಹೋದವಳು ಕಾರು ನಿಲ್ಲಿಸಿ ಬೇಲಿಯ ಸಂದಿಯಲ್ಲಿ ಇಣುಕಿದೆ. ಅತ್ತೆಯ ಮೆಂತ್ಯ ಸೊಪ್ಪಿನ ಪಾತಿ ಇದ್ದ ಜಾಗದಲ್ಲಿ ಯಾರೋ ಬಿಸಿನೀರಿನ ತೊಟ್ಟಿ ಕೂರಿಸಿದ್ದಾರೆ. ಹೊಟ್ಟೆ ಉರಿಯಿತು. ಉರಿದರೆ ಉರಿಯಲಿ ಅಂತ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ ಗ್ರೋಸರಿಗೆ ಹೋದೆ.

ನಾವು ಆ ಮನೆ ಕೊಂಡದ್ದು ತೊಂಬತ್ತೇಳರಲ್ಲಿ. ಹಳೇ ಕಾಲದ ತೋಟದ ಮನೆ. ಸುತ್ತಲಿನ ಏಪ್ರಿಕಾಟ್ ತೋಟವೆಲ್ಲ ಸೈಟುಗಳಾಗಿ, ಬೀದಿಗಳಾಗಿ ಹೋದಮೇಲೂ ಅದೊಂದು ಹೇಗೋ ಉಳಿದುಕೊಂಡಿತ್ತು. ತೋಟದ ಗುರುತಿಗೆ ಹಿತ್ತಿಲ ಮೂಲೆಯಲ್ಲಿ ಒಂದೇ ಒಂದು ಮುದಿ ಮರ. ನಡೆದರೆ ನೆಲ ಕಿರುಗುಟ್ಟುತ್ತಿತ್ತು, ಕಿಟಕಿ ಎತ್ತಲು ಇಬ್ಬರು ಬೇಕಿತ್ತು. ಅಗ್ಗಕ್ಕೆ ಸಿಕ್ಕಿತೆಂದು ನನ್ನ ಗಂಡ ಜಗನ್ನಾಥ ಹಿಗ್ಗಿದ್ದೇ ಹಿಗ್ಗಿದ್ದು.

ಆಗ ಈ ಕಡೆ ಎಲ್ಲರಿಗೂ ಒಂದೇ ಗುಂಗು. ಯುಗಾದಿಗೆ ಕನ್ನಡ ಕೂಟದಲ್ಲಿ ಸೇರಿದರೂ ಬೇವುಬೆಲ್ಲ ಬಾಯಲ್ಲಿಟ್ಟುಕೊಂಡೇ ಸ್ಟಾಕಿನ ಮಾತು. ಇಂಟರ್ನೆಟ್ಟಿನಲ್ಲಿ ನಾಯಿ ಬಿಸ್ಕತ್ತು ಮಾರುತ್ತೇವೆ ಅಂದವರಿಗೂ ಜನ ದುಡ್ಡು ಸುರಿಯುತ್ತಿದ್ದ ಕಾಲ. ಜಗನ್ನಾಥ ಫ್ರೀಮಾಂಟಿನಲ್ಲಿ ಅಂಥದೇ ಒಂದು ಹೊಸ ಕಂಪನಿ ಸೇರಿದ್ದ. ಅಲ್ಲಿ ಏನು ತಯಾರಾಗುತ್ತದೆ ಅಂತ ಅವನು ಎಷ್ಟು ಸಲ ಬಿಡಿಸಿ ಹೇಳಿದರೂ, ಸಾಫ್ಟ್‌ವೇರ್ ಟೆಸ್ಟಿಂಗಿನವಳಾದ ನನಗೇ ಅದು ತಲೆಗೆ ಹತ್ತಲಿಲ್ಲ. ಸಂಬಳ ಕಡಿಮೆ, ಷೇರು ಜಾಸ್ತಿ. ಒಂದು ದಿನ ಏರುತ್ತದೆ, ಆಗ ನೋಡು ಅನ್ನುತ್ತಿದ್ದ. ಅತ್ತೆಯ ಮುಂದೆ ನಾನವನನ್ನು ‘ರೀ’ ಅನ್ನುತ್ತಿದ್ದೆ, ಹಿಂದೆ ‘ಲೋ’. ಕಾಲೇಜಿನಲ್ಲಿ ಒಂದೇ ಕ್ಲಾಸಿನವರು, ಅಭ್ಯಾಸ ಹೋಗಬೇಕಲ್ಲ.

ಅತ್ತೆ ಭದ್ರಮ್ಮ ಮದ್ದೂರಿನ ಕಡೆಯವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇರಲೆಂದು ಕರೆಸಿಕೊಂಡಿದ್ದೆವು. ನಮಗಿನ್ನೂ ಮಕ್ಕಳಾಗಿರಲಿಲ್ಲ. ಹಗಲೆಲ್ಲ ನಾವಿಬ್ಬರೂ ಆಫೀಸಿನಲ್ಲಿ, ಅವರೊಬ್ಬರೇ ಮನೆಯಲ್ಲಿ. ಬೀದಿಯಲ್ಲಿ ಕಾರು ಕಾಣುತ್ತಿತ್ತೇ ಹೊರತು ನರಪಿಳ್ಳೆ ಕಾಣುತ್ತಿರಲಿಲ್ಲ. ಖಾಲಿ ನೆಲ ಕಂಡರೆ ಅವರಿಗೆ ಕೈ ತುರಿಸುತ್ತಿತ್ತು. ಬಂದ ವಾರವೇ ಹಿತ್ತಿಲ ಹುಲ್ಲುಹಾಸನ್ನು ಒಂದು ಮಂಚದಷ್ಟಗಲ ಕಿತ್ತೆಸೆದು ಮೆಂತ್ಯದ ಪಾತಿ ಮಾಡಿದರು. ಹಾಗೆ ಅಗೆಯುವಾಗ ಸಿಕ್ಕಿತು ಆ ನಾಣ್ಯ.

ನಮ್ಮ ಹಳೇ ಬೆಳ್ಳಿ ರೂಪಾಯಿಯಷ್ಟೇ ಅಗಲ. ಒಂದು ಕಡೆ ನಿಂತಿರುವ ಹೆಣ್ಣು. ಸೆರಗು ಗಾಳಿಗೆ ಹಾರುತ್ತಿದೆ, ಒಂದು ಕೈ ಮುಂದಕ್ಕೆ ಚಾಚಿದ್ದಾಳೆ, ಇನ್ನೊಂದು ತೋಳಿನಲ್ಲಿ ಹೂವಿನ ಗೊಂಚಲಿನಂಥದು, ಕಾಲ ಬಳಿ ಹುಟ್ಟುವ ಸೂರ್ಯ. ಇನ್ನೊಂದು ಕಡೆ ರೆಕ್ಕೆ ಎತ್ತಿದ ಹದ್ದು. ನಾಣ್ಯದ ನೆತ್ತಿಯಲ್ಲಿ ಯಾರೋ ಕೊರೆದ ಒಂದು ತೂತು. ಇದು ಅಮೆರಿಕದ ಹಳೇ ಅರ್ಧ ಡಾಲರು, ಆ ಹೆಣ್ಣು ಇವರ ಸ್ವಾತಂತ್ರ್ಯದೇವಿ ಅಂತ ನನಗೆ ಗೊತ್ತಿತ್ತು. ಹೇಳುವಷ್ಟರಲ್ಲಿ ಅತ್ತೆ ಅದನ್ನು ಸೆರಗಿನಲ್ಲಿ ಒರೆಸಿ ಕಣ್ಣಿಗೊತ್ತಿಕೊಂಡಾಗಿತ್ತು.

“ಲಕ್ಷ್ಮಿ ಕನ ಮಗ! ನೋಡು, ಹಿಂದ್ಗಡೆ ಗರುಡನೂ ಅವ್ನೆ.”

“ಅತ್ತೆ, ಅದು ಲಕ್ಷ್ಮಿ ಅಲ್ಲ, ಇಲ್ಲಿಯವರ…”

“ದುಡ್ಡಿನ್ ಮ್ಯಾಲೆ ಹೆಂಗ್ಸು ನಿಂತವ್ಳೆ, ಕೈನಲ್ಲಿ ಹೂವ ಹಿಡ್ದವ್ಳೆ, ಗರುಡನ್ನ ಜೊತೇಲಿ ಕರ್ಕಂಡ್ ಬಂದವ್ಳೆ. ಲಕ್ಷ್ಮಿ ಅಲ್ದೆ ಇನ್ಯಾರು, ನಿಮ್ ಆಫೀಸಿನ್ ಮ್ಯಾನೇಜರಾ?”

ನನ್ನ ಮ್ಯಾನೇಜರಮ್ಮನನ್ನು ಒಮ್ಮೆ ನೆನೆಸಿಕೊಂಡೆ. ವಾದ ಬಿಟ್ಟುಬಿಟ್ಟೆ.

ಹಜಾರದ ಪಕ್ಕ ಟವೆಲು ಇಡುವ ಗೂಡುಬೀರು ಒಂದಿತ್ತು. ಅದೇ ನಮ್ಮ ದೇವರಮನೆ. ಅಲ್ಲಿ ಬೆಳ್ಳಿ ತಟ್ಟೆಯ ನಡುವೆ ಲಕ್ಷ್ಮಿ ಕೂತಳು. ಶುಕ್ರವಾರ ಬಂತೆಂದರೆ ಅರಿಶಿನ, ಕುಂಕುಮ, ಒಂದೆಳೆ ಹೂವು. ಲಕ್ಷ್ಮಿಯನ್ನು ತೊಳೆದರೆ ಕಳೆ ಇಳಿಯುತ್ತದೆ ಅಂತ ಅತ್ತೆಯ ಲೆಕ್ಕ. ಹಾಗಾಗಿ ಹಚ್ಚಿದ್ದರ ಮೇಲೆ ಹಚ್ಚಿ, ವರ್ಷ ಕಳೆಯುವುದರೊಳಗೆ ದೇವಿಯ ಮುಖವೂ ಕಾಣದು, ಸೂರ್ಯನೂ ಕಾಣದು.

ನನಗೆ ಅದನ್ನು ನೋಡಿದಾಗಲೆಲ್ಲ ಒಂದು ಸಂಕಟ. ಮಾವ ಹೋದಂದಿನಿಂದ ಅತ್ತೆಯದು ಬರಿಗೊರಳು. ಮನೆಗೆ ಹೆಣ್ಣುಮಕ್ಕಳು ಬಂದರೆ ಕುಂಕುಮದ ಬಟ್ಟಲು ನನ್ನ ಕೈಗೆ ಕೊಟ್ಟು, ತಾವು ಏನೋ ಕೆಲಸವಿದ್ದವರ ಹಾಗೆ ಅಡುಗೆಮನೆ ಸೇರುತ್ತಿದ್ದರು. “ಅದ್ನೆಲ್ಲ ನೀನ್ ಮಾಡು ಮಗ, ನಾನ್ ಕೊಡಬಾರ್ದು.” ನಾನು ಎಷ್ಟೋ ಸಲ ಜಗಳಾಡಿದೆ. ಕೋಪ ಬಂದು ಬಟ್ಟಲು ಕುಕ್ಕಿದ್ದೂ ಉಂಟು. ಅವರು ಜಗ್ಗುತ್ತಿರಲಿಲ್ಲ. ಮನುಷ್ಯರ ಹಣೆಗೆ ಇಡಲಾಗದ ಕುಂಕುಮವನ್ನೆಲ್ಲ ತಂದು ಆ ನಾಣ್ಯಕ್ಕೆ ಇಡುತ್ತಿದ್ದರು. ಹಗಲು ಹೊತ್ತು ಅದರ ಜೊತೆ ಮಾತೂ ಆಡುತ್ತಿದ್ದರು. ಜ್ವರ ಬಂದು ನಾನು ಮನೆಯಲ್ಲಿ ಉಳಿದ ಒಂದು ದಿನ ಕೇಳಿಸಿಕೊಂಡೆ. ಸೊಪ್ಪಿಗೆ ಬಸವನಹುಳು ಬಿದ್ದದ್ದು, ಮದ್ದೂರಿನ ತಂಗಿಗೆ ಕಾಲಿಂಗ್ ಕಾರ್ಡು ಹಾಕಿ ಮಾತಾಡುವಾಗ ನಡುವೆಯೇ ಲೈನು ಕಟ್ಟಾದದ್ದು, ಎಲ್ಲವನ್ನೂ ಲಕ್ಷ್ಮಿಗೆ ಒಪ್ಪಿಸುತ್ತಿದ್ದರು.

ಎರಡು ಸಾವಿರದ ಜನವರಿಯಲ್ಲಿ ಜಗನ್ನಾಥನ ಕಂಪನಿ ಷೇರುಪೇಟೆಗೆ ಬಂತು. ಬಂದದ್ದೇ ತಡ, ಬೆಲೆ ಗಾಳಿಪಟದ ಹಾಗೆ ಏರಿತು. ಆದರೆ ಒಳಗಿನವರು ಆರು ತಿಂಗಳು ಮಾರುವ ಹಾಗಿಲ್ಲ. ಅದಕ್ಕೆ ಲಾಕಪ್ಪು ಅನ್ನುತ್ತಾರೆ ಅಂತ ಅವನು ಹೇಳಿದಾಗ ಅತ್ತೆ ಕೈಲಿದ್ದ ಸೌಟು ಬಿಟ್ಟರು. ಮದ್ದೂರಿನಲ್ಲಿ ಲಾಕಪ್ಪು ಇರುವುದು ಪೊಲೀಸ್ ಸ್ಟೇಷನ್ನಿನಲ್ಲಿ. ಅದು ಬೇರೆ ಇದು ಬೇರೆ ಅಂತ ತಿಳಿಸಿ ಹೇಳಲು ನನಗೆ ಸಾಕುಬೇಕಾಯಿತು. ಆವರೆಗೆ ನಾಣ್ಯ ನೋಡಿ ನಗುತ್ತಿದ್ದ ಜಗನ್ನಾಥ ಈಗ ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಗೂಡುಬೀರಿನ ಮುಂದೆ ಒಂದು ಗಳಿಗೆ ನಿಲ್ಲತೊಡಗಿದ. ಶೂ ಹಾಕಿಕೊಳ್ಳುವ ನೆಪ. ಶೂ ಇದ್ದದ್ದು ಗ್ಯಾರೇಜಿನಲ್ಲಿ.

ಆ ಫೆಬ್ರವರಿಯಲ್ಲಿ, ಮೂಲೆಯ ಮುದಿ ಮರ ಹೂ ಬಿಟ್ಟಿದ್ದಾಗ, ಒಂದು ಶನಿವಾರ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಎಪ್ಪತ್ತು ದಾಟಿದ ಬಿಳಿಯ ಮುದುಕ. ಟೋಪಿ ಕೈಯಲ್ಲಿ ಹಿಡಿದಿದ್ದ. ಪಕ್ಕದಲ್ಲಿ ಉದ್ದ ಕೋಲಿನ ತುದಿಗೆ ಊಟದ ತಟ್ಟೆ ಸಿಕ್ಕಿಸಿದಂಥ ಒಂದು ಯಂತ್ರ.

“ನನ್ನ ಹೆಸರು ಮ್ಯಾನುಯೆಲ್ ಸಿಲ್ವಾ. ನಾನು ಹುಟ್ಟಿದ್ದು ಈ ಮನೆಯಲ್ಲಿ,” ಅಂದರು ಇಂಗ್ಲಿಷಿನಲ್ಲಿ.

ಪೋರ್ಚುಗೀಸರ ಮನೆತನ. ಇವರ ತಂದೆ ಈ ತೋಟದಲ್ಲೂ ಆಚೆಯ ಉಪ್ಪಿನ ಗದ್ದೆಗಳಲ್ಲೂ ದುಡಿದವರಂತೆ. ಐವತ್ತರ ದಶಕದ ಕೊನೆಗೆ ಮನೆ ಮಾರಿದರಂತೆ. ಈಗ ನಿವೃತ್ತರಾಗಿ, ಮೆಟಲ್ ಡಿಟೆಕ್ಟರು ಕೊಂಡಿದ್ದಾರೆ. ನಮಗಿಂತ ಮುಂಚಿದ್ದವನು ನಾಯಿಗಳನ್ನು ಸಾಕಿಕೊಂಡು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲವಂತೆ. ಹಿತ್ತಿಲಲ್ಲಿ ಹಳೇ ನಾಣ್ಯ ಹುಡುಕಲು ಬಿಡುತ್ತೀರಾ, ಒಂದು ಗುಂಡಿಯನ್ನೂ ಉಳಿಸದೆ ಮುಚ್ಚಿ ಹೋಗುತ್ತೇನೆ ಅಂತ ಕೇಳಿದರು.

ಅತ್ತೆ ನನ್ನ ಹಿಂದೆ ಬಂದು ನಿಂತಿದ್ದರು. ಹೇಳಿದೆ. ಅತ್ತೆಯ ಮುಖ ಬಿಗಿಯಾಯಿತು.

“ಹುಡುಕ್ಲಿ ಬುಡು, ವಯ್ಸಾದೋನು. ನಮ್ ಲಕ್ಷ್ಮಿ ಸುದ್ದಿ ಮಾತ್ರ ಯೋಳ್ಬ್ಯಾಡ. ಆ ಯಂತ್ರಾನೂ ಒಳಿಕ್ಕೆ ತರ್ಬ್ಯಾಡ ಅನ್ನು.”

ನನಗೆ ಅದು ತಪ್ಪೆನಿಸಲಿಲ್ಲ. ನೆಲದಲ್ಲಿ ಎಷ್ಟೋ ಇರುತ್ತವೆ, ಒಂದು ನಮಗೆ ಸಿಕ್ಕಿದೆ, ಅಷ್ಟೇ ಅಂದುಕೊಂಡೆ.

ಆ ಶನಿವಾರದಿಂದ ನಮ್ಮ ಹಿತ್ತಿಲಿಗೆ ಒಂದು ಕಳೆ ಬಂತು. ಅವರು ನೆಲಕ್ಕೆ ದಾರ ಕಟ್ಟಿ ಪಟ್ಟಿ ಪಟ್ಟಿ ಮಾಡಿಕೊಂಡು, ಕಿವಿಗೆ ಹೆಡ್‌ಫೋನು ಹಾಕಿ, ತಟ್ಟೆಯನ್ನು ಹುಲ್ಲಿನ ಮೇಲೆ ಅತ್ತಿತ್ತ ತೂಗುತ್ತ ನಡೆಯುತ್ತಿದ್ದರು. ಯಂತ್ರ ಕೂಗಿದರೆ ಮಂಡಿಯೂರುವುದು, ಹುಲ್ಲನ್ನು ಮೂರು ಕಡೆ ಕೊಯ್ದು ಡಬ್ಬದ ಮುಚ್ಚಳದ ಹಾಗೆ ಮಗುಚುವುದು, ಮಣ್ಣನ್ನೆಲ್ಲ ಒಂದು ಬಟ್ಟೆಯ ಮೇಲೆ ಹರಡಿ ನೋಡುವುದು, ಮತ್ತೆ ಒಂದು ಚಿಟಿಕೆಯೂ ಬಿಡದೆ ತುಂಬಿ ಹುಲ್ಲು ಮುಚ್ಚಿ ತಟ್ಟುವುದು. ಎದ್ದು ಹೋದಮೇಲೆ ಎಲ್ಲಿ ಅಗೆದರೆಂದು ಗೊತ್ತೇ ಆಗುತ್ತಿರಲಿಲ್ಲ. ನಮ್ಮ ಅತ್ತೆಗೆ ಅಚ್ಚುಕಟ್ಟು ಕಂಡರೆ ಪ್ರಾಣ. ಎರಡನೇ ವಾರಕ್ಕೆ ಅವರಿಗೆ ಫಿಲ್ಟರ್ ಕಾಫಿ, ಮೂರನೇ ವಾರಕ್ಕೆ ಕಾಫಿಯ ಜೊತೆ ಕೋಡುಬಳೆ. ಮಾತಿಲ್ಲ, ಕತೆಯಿಲ್ಲ, ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಟುಂಕಟುಂ ಅಂತ ತಿನ್ನುತ್ತಿದ್ದರು.

ಒಮ್ಮೆ ಅವರು ತಮಾಷೆಗೆ ತಟ್ಟೆಯನ್ನು ನನ್ನ ಕಾಲಿನ ಬಳಿ ಹಿಡಿದರು. ಕಾಲುಂಗುರಕ್ಕೆ ಯಂತ್ರ ಚಿಲಿಪಿಲಿಗುಟ್ಟಿತು. ಬೆಳ್ಳಿಗೆ ಹೀಗೆ ಸಣ್ಣ ದನಿ, ಮೊಳೆಗಾದರೆ ದಪ್ಪ ದನಿ ಅಂದರು. ಅತ್ತೆಯ ಪಕ್ಕ ಹಿಡಿದರೆ ಅಲ್ಲೂ ಗೊರಗೊರ. ನೋಡಿದರೆ ಸೆರಗಿನ ಮರೆಯಲ್ಲಿ ಒಂದು ಗೊಂಚಲು ಪಿನ್ನು. ಯಾರ ಚಪ್ಪಲಿ ಕಿತ್ತರೂ ಯಾರ ಹುಕ್ಕು ಹೋದರೂ ಇರಲಿ ಅಂತ ಅವರು ಸದಾ ಸಿಕ್ಕಿಸಿಕೊಂಡಿರುತ್ತಿದ್ದದ್ದು. ಅವತ್ತು ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಗೆ ನಕ್ಕದ್ದನ್ನು ನಾನು ಬಹಳ ದಿನದ ಮೇಲೆ ನೋಡಿದ್ದು.

ಸಿಕ್ಕದ್ದು ಮೊಳೆ, ಬಾಟಲಿ ಮುಚ್ಚಳ, ಕುದುರೆ ಲಾಳ, ಒಂದಷ್ಟು ತಾಮ್ರದ ಕಾಸು. ಪ್ರತಿಯೊಂದನ್ನೂ ಅವರು ಕನ್ನಡಕ ಏರಿಸಿ ನೋಡಿ, ನಿಟ್ಟುಸಿರು ಬಿಟ್ಟು ಜೇಬಿಗೆ ಹಾಕುತ್ತಿದ್ದರು. ಮಾರ್ಚಿನ ಒಂದು ಶನಿವಾರ ಹಿತ್ತಿಲೆಲ್ಲ ಮುಗಿದು, ಅತ್ತೆಯ ಪಾತಿಯೊಂದು ಉಳಿಯಿತು. ಅದರ ಮುಂದೆ ನಿಂತು ಟೋಪಿ ತೆಗೆದರು.

“ಇಲ್ಲಿ ಅಗೆದರೆ ನಿಮ್ಮ ಸೊಪ್ಪು ಹಾಳಾಗುತ್ತದೆ. ಆದರೆ ಕೇಳದೆ ಹೋಗಲಾರೆ.”

“ಹಳೇ ನಾಣ್ಯ ಬೇಕಾದಷ್ಟು ಸಿಕ್ಕಿತಲ್ಲ, ಇನ್ನೂ ಏನು ಹುಡುಕುತ್ತಿದ್ದೀರಿ?” ಅಂದೆ.

ಅವರು ಹೇಳಲೋ ಬೇಡವೋ ಅನ್ನುವಂತೆ ನನ್ನ ಮುಖ ನೋಡಿದರು. ಆಮೇಲೆ ಹೇಳಿದರು. ಅವರಿಗೊಬ್ಬಳು ತಂಗಿ, ರೋಸಾ. ಅವಳಿಗೆ ಹೆಸರಿಟ್ಟ ದಿನ ಅಪ್ಪ ಒಂದು ಅರ್ಧ ಡಾಲರಿಗೆ ತೂತು ಕೊರೆದು, ದಾರ ಪೋಣಿಸಿ ಕೊರಳಿಗೆ ಕಟ್ಟಿದ್ದರು. ಏಳು ವರ್ಷದವಳು ಹಿತ್ತಿಲಲ್ಲಿ ಆಡುವಾಗ ಅದನ್ನು ಕಳೆದುಕೊಂಡಳು. ಅಮ್ಮ ಬೈದು, ಎರಡು ಏಟೂ ಹಾಕಿದಳು. ಮುಂದಿನ ವಾರ ಮಗುವಿಗೆ ಗಂಟಲುಮಾರಿ ತಗುಲಿತು. ಉಳಿಯಲಿಲ್ಲ.

“ಮಗು ಬರಿಗೊರಳಲ್ಲಿ ಹೋಯಿತು ಅಂತ ಅಮ್ಮ ಅಂದಿನಿಂದ ಹೇಳುತ್ತಲೇ ಇದ್ದಾಳೆ. ಮನೆ ಮಾರುವ ದಿನದವರೆಗೂ ಈ ಹಿತ್ತಿಲು ಕೆದಕುತ್ತಿದ್ದಳು. ಈಗ ತೊಂಬತ್ತೆರಡು. ಹೇವರ್ಡಿನಲ್ಲಿ ಮುದುಕರ ಆರೈಕೆಯ ಮನೆಯಲ್ಲಿದ್ದಾಳೆ, ಕಣ್ಣು ಕಾಣುವುದಿಲ್ಲ. ನಾನು ಹೋದ ಕೂಡಲೇ ಕೇಳುವುದು ಒಂದೇ, ರೋಸಾಳ ದುಡ್ಡು ಸಿಕ್ಕಿತೇ ಅಂತ. ಅರವತ್ತು ವರ್ಷದ ಹಿಂದಿನ ಒಂದು ನಾಣ್ಯ ಹುಡುಕುತ್ತೇನೆ ಅಂದರೆ ಜನ ನಗುತ್ತಾರೆ. ಅದಕ್ಕೇ ಹಳೇ ನಾಣ್ಯ ಅಂದೆ.”

ಮೆಟ್ಟಿಲ ಮೇಲೆ ಸೊಪ್ಪು ಬಿಡಿಸುತ್ತಿದ್ದ ಅತ್ತೆಗೆ ನಾನು ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತ ಬಂದೆ. ‘ತೂತು’ ಅನ್ನುವಾಗ ಅವರ ಕೈ ನಿಂತಿತು. ‘ಬರಿಗೊರಳು’ ಅಂದಾಗ ಎದ್ದು ಒಳಗೆ ಹೋದರು. ಹಿಂದೆಯೇ ಹೋದೆ. ಗೂಡುಬೀರಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು.

“ಒಂದ್ ವಾರ ಬುಟ್ಟು ಬರಕ್ಕೆ ಯೋಳು.”

“ಅತ್ತೆ! ಅವರಮ್ಮನಿಗೆ ತೊಂಬತ್ತೆರಡು. ಈಗಲೇ ತಂದು ಕೊಟ್ಟರೆ…”

“ಒಂದ್ ವಾರ ಅಂದ್ನಲ್ಲ ಮಗ. ಈ ಊರ್ನಲ್ಲಿ ನಂಗೂ ಅಂತ ಇರೋಳು ಇವ್ಳೊಬ್ಳೇ ಕನ.”

ಹಿತ್ತಿಲಿಗೆ ವಾಪಸು ಬಂದೆ. ಸೊಪ್ಪು ಇನ್ನೊಂದು ವಾರಕ್ಕೆ ಕೊಯ್ಲಿಗೆ ಬರುತ್ತದೆ, ಆಮೇಲೆ ಅಗೆಯಿರಿ ಅಂತ ಮ್ಯಾನುಯೆಲ್‌ಗೆ ಹೇಳಿದೆ. ಅವರು ಧನ್ಯವಾದ ಹೇಳಿ, ದಾರ ಸುತ್ತಿಕೊಂಡು ಹೋದರು.

ಅಂದು ಊಟಕ್ಕೆ ಕೂತಾಗ ಜಗನ್ನಾಥನಿಗೂ ವಿಷಯ ಗೊತ್ತಾಯಿತು. ಅವನು ಸಾರನ್ನ ಕಲಸುತ್ತಲೇ ಇದ್ದ.

“ಅವ್ವ, ಕೊಡಬೇಡ ಅಂತ ನಾನು ಹೇಳ್ತಿಲ್ಲ. ಜುಲೈ ತನಕ ಇರ್ಲಿ. ಲಾಕಪ್ಪು ಮುಗೀಲಿ. ಆಮೇಲೆ ನಾನೇ ಕೈಯಾರೆ ತಗೊಂಡು ಹೋಗಿ ಕೊಟ್ಟು ಬರ್ತೀನಿ.”

“ಷೇರು ಏರೋದಕ್ಕೂ ಈ ನಾಣ್ಯಕ್ಕೂ ಏನ್ರೀ ಸಂಬಂಧ? ನೀವು ಇಂಜಿನಿಯರಲ್ವಾ?” ಅಂದೆ.

“ಸಂಬಂಧ ಇದೆ ಅಂತ ಯಾರ್ ಅಂದ್ರು? ಇಲ್ಲ ಅಂತಾನೂ ಪ್ರೂವ್ ಆಗಿಲ್ಲ, ಅಷ್ಟೇ. ಟೈಮಿಂಗು ನೋಡಬೇಕು.”

ಅತ್ತೆ ಇಬ್ಬರಿಗೂ ಮಜ್ಜಿಗೆ ಬಡಿಸಿ ಎದ್ದು ಹೋದರು. ಆ ವಾರ ನಾನು ಇಂಡಿಯನ್ ಅಂಗಡಿಗೆ ಹೋಗುವಾಗ ಒಂದು ಒಳ್ಳೆ ತೆಂಗಿನಕಾಯಿ ತಾ, ಹಸಿರು ಬಳೆ ಸಿಕ್ಕಿದರೆ ತಾ ಅಂದರು. ಯುಗಾದಿಗಿರಬೇಕೆಂದು ತಂದುಕೊಟ್ಟೆ. ಒಳಗೊಳಗೆ ನನಗೆ ಅವರ ಮೇಲೆ ಕೋಪ ಕುದಿಯುತ್ತಲೇ ಇತ್ತು. ಅಷ್ಟು ಕೋಡುಬಳೆ ತಿನ್ನಿಸಿದವರು ಒಂದು ನಾಣ್ಯ ಕೊಡಲಾರದೆ ಹೋದರಲ್ಲ ಅಂತ.

ಶುಕ್ರವಾರ ನಾನು ಆಫೀಸಿನಿಂದ ಬರುವಾಗ ಅತ್ತೆ ದೀಪ ಹಚ್ಚಿ, ಪೂಜೆ ಮುಗಿಸಿದ್ದರು. ಜಗನ್ನಾಥನೂ ಆಗಷ್ಟೇ ಬಂದಿದ್ದ. ಫೋನು ಬಡಿಯಿತು. ಮ್ಯಾನುಯೆಲ್.

“ನಾಳೆ ನಾನು ಬರುವುದಿಲ್ಲ. ಸೊಪ್ಪು ಹಾಗೇ ಇರಲಿ. ಅಮ್ಮ ಎರಡು ದಿನದಿಂದ ಏನೂ ತಿಂದಿಲ್ಲ. ಇವತ್ತೋ ನಾಳೆಯೋ ಅಂತ ನರ್ಸು ಹೇಳಿದಳು. ನಿಮ್ಮ ಅತ್ತೆಗೆ ಕಾಫಿಗೆ ಥ್ಯಾಂಕ್ಸ್ ಹೇಳಿ.”

ಆರೈಕೆಯ ಮನೆಯ ಹೆಸರು ಕೇಳಿಕೊಂಡು, ಫೋನಿಟ್ಟು ಅತ್ತೆಗೆ ಹೇಳಿದೆ. ಅವರು ತಮ್ಮ ರೂಮಿಗೆ ಹೋಗಿ ಚೀಲ ಹಿಡಿದು ಬಂದರು. ಚೀಲದಲ್ಲಿ ಅಕ್ಕಿ, ಬೆಲ್ಲದಚ್ಚು, ಎಲೆ ಅಡಿಕೆ, ನಾನು ತಂದ ಕಾಯಿ, ಬಳೆ, ಹೊಸ ರವಿಕೆ ಕಣ, ಒಂದು ಉಂಡೆ ಅರಿಶಿನ ದಾರ. ಮಗಳನ್ನು ಕಳಿಸುವಾಗ ಮಡಿಲು ತುಂಬಲು ಏನೇನು ಬೇಕೋ ಅದೆಲ್ಲ. ವಾರವಿಡೀ ಅವರು ಹೊಂಚಿದ್ದು ಇದನ್ನು. ನನ್ನ ಕೋಪವೆಲ್ಲ ಎಲ್ಲಿಗೆ ಹೋಯಿತೋ.

“ನಾಳಿಕ್ಕೆ ಕಳ್ಸಣ ಅಂತಿದ್ದೆ. ನಡೀರಿ,” ಅಂದು ಗೂಡುಬೀರಿಗೆ ಕೈ ಹಾಕಿದರು.

ಜಗನ್ನಾಥ ಅಡ್ಡ ಬಂದ. “ಅವ್ವ, ಇವತ್ತು ಶುಕ್ರವಾರ. ದೀಪ ಹಚ್ಚಾಗಿದೆ. ದೀಪ ಹಚ್ಚಿದ್ಮೇಲೆ ಪಕ್ಕದ ಮನೆಗೆ ಮೊಸರಿನ ಹೆಪ್ಪೂ ಕೊಡಬಾರ್ದು ಅಂತ ನೀನೇ ಹೇಳಿಕೊಟ್ಟಿದ್ದು. ಲಕ್ಷ್ಮೀನೇ ಹೊರಗೆ ಕಳಿಸ್ತೀಯಾ?”

“ಯೋಳ್ಕೊಟ್ಟೋಳೂ ನಾನೇ ಕನ್ಲಾ, ಮುರಿಯೋಳೂ ನಾನೇ. ಅವ್ಳ ಮನೆಯೋರು ಬಾಗ್ಲಿಗ್ ಬಂದು ಮಣ್ಣು ಕೆದಕ್ತಾವ್ರೆ, ನಾನು ಕದ ಹಾಕ್ಕಂಡು ಕುಂಕುಮ ಇಡ್ಲಾ? ಕಾರ್ ತಗಿ.”

ಅವನು ತೆಗೆದ.

ಶುಕ್ರವಾರದ ಸಂಜೆಯ ಎಂಟುನೂರ ಎಂಬತ್ತು ನಂಬರಿನ ಫ್ರೀವೇ ಹೇಗಿರುತ್ತಿತ್ತೆಂದು ಆ ಕಾಲದಲ್ಲಿ ಇಲ್ಲಿದ್ದವರಿಗೆ ಹೇಳಬೇಕಿಲ್ಲ. ಊರಿನ ಷೇರುದಾರರೆಲ್ಲ ಅಲ್ಲೇ ತೆವಳುತ್ತಿದ್ದರು. ಅತ್ತೆ ಹಿಂದಿನ ಸೀಟಿನಲ್ಲಿ ಕೂತು, ಅಕ್ಕಿಯ ಮೇಲೆ ನಾಣ್ಯ ಇಟ್ಟು, ರವಿಕೆ ಕಣದಲ್ಲಿ ಕಟ್ಟಿ, ಆ ಗಂಟನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಆ ಪುಣ್ಯಾತ್ಗಿತ್ತಿ ನಾವು ಹೋಗುವ ತನಕ ಇರಲಿ ಅಂತ ನಾನು ಮನಸ್ಸಿನಲ್ಲೇ ಅದೇ ಲಕ್ಷ್ಮಿಗೆ ಹರಕೆ ಹೊತ್ತೆ. ಹೌದು, ಸ್ವಾತಂತ್ರ್ಯದೇವಿ ಅಂತ ತಿಳಿದವಳು ನಾನೇ.

ಇದ್ದರು. ಕಿಟಕಿಯ ಬಳಿಯ ಮಂಚದಲ್ಲಿ ಒಣಗಿದ ಪುಟ್ಟ ಜೀವ. ಮ್ಯಾನುಯೆಲ್ ನಮ್ಮನ್ನು ಕಂಡು ಗಾಬರಿಯಾಗಿ ಎದ್ದರು. ನಾನು ಹೇಳಿದೆ. ಎರಡು ವರ್ಷದ ಹಿಂದೆ ಪಾತಿ ಅಗೆಯುವಾಗ ಸಿಕ್ಕಿತ್ತು, ಯಾರದೆಂದು ತಿಳಿಯದೆ ದೇವರೆಂದು ಇಟ್ಟುಕೊಂಡಿದ್ದೆವು ಅಂತ. ಅತ್ತೆ ಗಂಟು ಬಿಚ್ಚಿದರು. ಅಕ್ಕಿಯ ಮೇಲೆ ಆ ಕೆಂಪು ಹಳದಿ ಬಿಲ್ಲೆಯನ್ನು ನೋಡಿ ಮ್ಯಾನುಯೆಲ್‌ಗೆ ನಂಬಿಕೆ ಬರಲಿಲ್ಲವೆಂದು ಕಾಣುತ್ತದೆ. ಆದರೂ ಎತ್ತಿ ತಾಯಿಯ ಕೈಯಲ್ಲಿಟ್ಟು, ಕಿವಿಯಲ್ಲಿ ಅವರ ಭಾಷೆಯಲ್ಲಿ ಏನೋ ಹೇಳಿದರು.

ಮುದುಕಿಯ ಹೆಬ್ಬೆರಳು ನಾಣ್ಯದ ಅಂಚನ್ನು ಸುತ್ತಿತು. ಇನ್ನೊಮ್ಮೆ ಸುತ್ತಿತು. ಆಮೇಲೆ ತಲೆಯಾಡಿಸಿ ಕೈ ಸಡಿಲ ಬಿಟ್ಟರು. ನಾಣ್ಯ ಹೊದಿಕೆಯ ಮೇಲೆ ಜಾರಿತು.

“ಇದಲ್ಲವಂತೆ,” ಅಂದರು ಮ್ಯಾನುಯೆಲ್. ದನಿ ಒಡೆದಿತ್ತು. “ತೂತಿಲ್ಲವಂತೆ.”

ತೂತು ನಾನೇ ಕಣ್ಣಾರೆ ನೋಡಿದ್ದೆ. ಇಷ್ಟು ಶುಕ್ರವಾರಗಳ ಅರಿಶಿನ ಕುಂಕುಮ ಅದರೊಳಗೆ ಕೂತು ಗಾರೆಯಾಗಿದೆ ಅಂತ ನನಗೆ ಹೊಳೆಯುವಷ್ಟರಲ್ಲಿ ಅತ್ತೆ ಸೆರಗಿನ ಮರೆಯಿಂದ ಒಂದು ಪಿನ್ನು ಎಳೆದಿದ್ದರು. ಮಂಚದ ಅಂಚಿನಲ್ಲಿ ಕೂತು, ನಾಣ್ಯವನ್ನು ಕಣ್ಣಿನ ಹತ್ತಿರ ಹಿಡಿದು, ಪಿನ್ನಿನ ಮೊನೆಯಿಂದ ಚುಚ್ಚಿ ಚುಚ್ಚಿ ಕೆದಕಿದರು. ಬಿಳಿಯ ಹೊದಿಕೆಯ ಮೇಲೆ ಕೆಂಪು ಪುಡಿ ಉದುರಿತು. ತೊಳೆದರೆ ಕಳೆ ಇಳಿಯುತ್ತದೆ ಅಂದವರು ಉಗುರಿನಿಂದ, ಸೆರಗಿನಿಂದ ತಿಕ್ಕಿ ತಿಕ್ಕಿ ತೆಗೆದರು. ತೂತಿನಲ್ಲಿ ಬೆಳಕು ಕಂಡಿತು. ನಾಣ್ಯವನ್ನು ಮುದುಕಿಯ ಕೈಗೆ ಕೊಟ್ಟು, ಅವರ ಹೆಬ್ಬೆರಳನ್ನು ಹಿಡಿದು ತಾವೇ ತೂತಿನ ಮೇಲೆ ಒತ್ತಿದರು.

ಆ ಉಗುರು ತೂತಿನೊಳಗೆ ಕೂತಿತು. ಹಲ್ಲಿಲ್ಲದ ಬಾಯಿ ತೆರೆಯಿತು. ಕಣ್ಣಿಂದ ನೀರು ಕಿವಿಯ ಕಡೆ ಇಳಿಯಿತು. ಮ್ಯಾನುಯೆಲ್ ಗೋಡೆಗೆ ತಿರುಗಿ ನಿಂತುಬಿಟ್ಟರು. ನಾನಂತೂ ಅತ್ತುಬಿಟ್ಟೆ. ಅಳುವುದಕ್ಕೆ ನನಗೆ ನಾಚಿಕೆಯಿಲ್ಲ.

ಸ್ವಲ್ಪ ಹೊತ್ತಿಗೆ ಮುದುಕಿ ತಮ್ಮ ಕೊರಳ ಸುತ್ತ ಬೆರಳಾಡಿಸಿ ಏನೋ ಕೇಳಿದರು.

“ಕೊರಳಿಗೆ ಕಟ್ಟು ಅನ್ನುತ್ತಿದ್ದಾಳೆ,” ಅಂದರು ಮ್ಯಾನುಯೆಲ್. “ಕೈಯಲ್ಲಿದ್ದರೆ ಬಿದ್ದುಹೋಗಬಹುದಂತೆ. ರೋಸಾಗೆ ತಲುಪಿಸಬೇಕಂತೆ.”

ಅತ್ತೆ ಅರಿಶಿನ ದಾರವನ್ನು ತೂತಿಗೆ ಪೋಣಿಸಿದರು. ಗಂಟು ಹಾಕಿದರು. ಆಮೇಲೆ, ಎಂದಿನ ಹಾಗೆ, ನನ್ನ ಕಡೆ ಚಾಚಿದರು. “ತಗೋ ಮಗ, ನೀನ್ ಕಟ್ಟು. ನಾನ್ ಕಟ್ಟಬಾರ್ದು.”

ಎದ್ದೇಳಲು ಹೋದವರಿಗೆ ಆಗಲಿಲ್ಲ. ಮುದುಕಿ ಅವರ ಮಣಿಕಟ್ಟು ಹಿಡಿದುಕೊಂಡಿದ್ದರು. ತೂತು ತೋರಿಸಿದ ಕೈ ಯಾವುದೆಂದು ಅವರಿಗೆ ಗೊತ್ತಿತ್ತು, ಬಿಡಲಿಲ್ಲ. ಅತ್ತೆ ನನ್ನ ಮುಖ ನೋಡಿದರು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಕೈ ಚಾಚಿದರೆ ತಾನೇ ಕೊಡುವುದು!

“ಕಟ್ಟವ್ವ,” ಅಂದ ಜಗನ್ನಾಥ ಬಾಗಿಲ ಬಳಿಯಿಂದ. ಅವನು ಅಲ್ಲಿದ್ದದ್ದೇ ನನಗೆ ಮರೆತಿತ್ತು.

ಅತ್ತೆ ಆ ಸುಕ್ಕುಗಟ್ಟಿದ ಕೊರಳಿನ ಸುತ್ತ ದಾರ ತಂದು, ಹಿಂದೆ ಗಂಟು ಹಾಕಿ, ನಾಣ್ಯವನ್ನು ಎದೆಯ ಮೇಲೆ ನೆಟ್ಟಗೆ ಕೂರಿಸಿದರು. ನಿಂತ ದೇವಿ ಎದುರಿಗೆ ಬರುವ ಹಾಗೆ. ಆಮೇಲೆ ಬಗ್ಗಿ, ಮಗಳನ್ನು ಬಸ್ಸು ಹತ್ತಿಸುವ ತಾಯಿಯ ಹಾಗೆ ಅದರ ಗಲ್ಲ ಸವರಿ ಹೇಳಿದರು.

“ಓಗ್ಬುಟ್ಟು ಬಾ ಮಗಳೇ.”

ಭಾನುವಾರ ಮ್ಯಾನುಯೆಲ್ ಫೋನು ಮಾಡಿದರು. ತಾಯಿ ಬೆಳಗಿನ ಜಾವ ಹೋದರಂತೆ. ನಾಣ್ಯವನ್ನು ದಾರದ ಸಮೇತ ಹಾಗೇ ಮಣ್ಣಿಗೆ ಕಳಿಸುತ್ತೇವೆ ಅಂದರು. ಅತ್ತೆ ಕೇಳಿ, ತಲೆಯಾಡಿಸಿ, ಪಾತಿಗೆ ನೀರು ಹಾಕಲು ಹೋದರು.

ಏಪ್ರಿಲಿನಲ್ಲಿ ಷೇರುಪೇಟೆ ಮಕಾಡೆ ಬಿತ್ತು. ಲಾಕಪ್ಪು ತೆರೆಯುವ ಹೊತ್ತಿಗೆ ಜಗನ್ನಾಥನ ಕಂಪನಿಯ ಷೇರು ಮಸಾಲೆ ದೋಸೆಯ ರೇಟಿಗೆ ಇಳಿದಿತ್ತು, ಇನ್ನೂ ಇಳಿಯುತ್ತಿತ್ತು. ಲೋಕದಲ್ಲೆಲ್ಲ ಬಿದ್ದದ್ದಕ್ಕೆ ನಮ್ಮ ಗೂಡುಬೀರು ಕಾರಣವಲ್ಲ ಅಂತ ಅವನಿಗೂ ಗೊತ್ತಿತ್ತು. ಒಂದು ಸಲವೂ ಅವನು ಆ ಮಾತು ಎತ್ತಲಿಲ್ಲ. ಅದಕ್ಕೇ ಆ ಮನುಷ್ಯನನ್ನು ನಾನು ಇಟ್ಟುಕೊಂಡಿದ್ದೇನೆ.

ಆಗಸ್ಟಿನಲ್ಲಿ ವರಮಹಾಲಕ್ಷ್ಮಿ ಹಬ್ಬ ಬಂತು. ಮತ್ತೆ ಶುಕ್ರವಾರ. ಕಲಶ ಕೂರಿಸಿದೆವು. ತಟ್ಟೆಯಲ್ಲಿ ನಾಣ್ಯವಿದ್ದ ಜಾಗದ ಸುತ್ತ ಒಂದು ಹಳದಿ ಉಂಗುರ ಉಳಿದಿತ್ತು. ಅತ್ತೆ ಅದನ್ನು ಉಜ್ಜಿರಲಿಲ್ಲ. ಸಂಜೆಗೆ ಸೀರೆ ಸರಭರ ಮಾಡಿಕೊಂಡು ಹೆಂಗಸರು ಬಂದರು. ಸನ್ನಿವೇಲಿನಿಂದ, ಫ್ರೀಮಾಂಟಿನಿಂದ. ಅರ್ಧಕ್ಕರ್ಧ ಜನರ ಗಂಡಂದಿರ ಷೇರು ನೆಲ ಕಚ್ಚಿತ್ತು. ನಾನು ಅಭ್ಯಾಸದಂತೆ ಕುಂಕುಮದ ಬಟ್ಟಲಿಗಾಗಿ ಕೈ ಚಾಚಿದೆ. ಅತ್ತೆ ಅದನ್ನು ಹಿಡಿದುಕೊಂಡೇ ಇದ್ದರು. ಅಡುಗೆಮನೆಯ ಕಡೆ ತಿರುಗಲಿಲ್ಲ.

“ಬಾ ಇಲ್ಲಿ,” ಅಂದರು ನನಗೆ. ಗದ್ದ ಹಿಡಿದು ಎತ್ತಿ, ಮೊದಲು ನನ್ನ ಹಣೆಗೆ ಇಟ್ಟರು. ಆಮೇಲೆ ಬಟ್ಟಲು ಹಿಡಿದು ಒಬ್ಬೊಬ್ಬರ ಮುಂದೆಯೂ ಹೋದರು.